ಹೊಸ ಕ್ವಾರ್ಟರ್‌ಬ್ಯಾಕ್‌ಗಳು, ಮೇಲೇಳುವ ತಂಡಗಳು: ಕಾಲೇಜ್ ಫುಟ್‌ಬಾಲ್ ಸೀಸನ್ ಶುರುವಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದವರು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವ ತನಕ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉದಾಹರಣೆಗಳು ಬಹುಪಾಲು 2025ರ ಸೀಸನ್‌ನವು. ಅದು ಪೂರ್ತಿ ಮುಗಿದಿದೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಜನ ಆಡಿದ ಮಾತುಗಳಲ್ಲಿ ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ಅಂತ ಈಗ ಸಮಾಧಾನವಾಗಿ ನೋಡಬಹುದು.

ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು? ಎಲ್ಲರ ಕಣ್ಣೂ ಅವನ ಮೇಲೇ ಯಾಕೆ?

ಮೈದಾನದಲ್ಲಿ ಒಂದೊಂದು ತಂಡಕ್ಕೆ 11 ಜನ. ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಒಂದು ಡೌನ್. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಓಡುವವನಿಗೆ ಕೊಡಬೇಕಾ, ಎಸೆಯಬೇಕಾ, ತಾನೇ ಓಡಬೇಕಾ ಅನ್ನುವುದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ಅಷ್ಟರಲ್ಲಿ ನೂರು ಕಿಲೋ ದಾಟಿದ ನಾಲ್ಕೈದು ಜನ ಅವನನ್ನು ಕೆಡವೋಕೆ ನುಗ್ಗಿ ಬರುತ್ತಿರುತ್ತಾರೆ.

2024ರಿಂದ ದೊಡ್ಡ ಹಂತದ ಕಾಲೇಜ್ ಪಂದ್ಯಗಳಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಸಣ್ಣ ಸ್ಪೀಕರ್ ಇಡಲು ಅವಕಾಶ ಸಿಕ್ಕಿದೆ. ಕೋಚ್ ಮಾತು ನೇರವಾಗಿ ಕಿವಿಗೆ ಬೀಳುತ್ತದೆ. ಆದರೆ ಚೆಂಡು ಆಟಕ್ಕೆ ಬರಲು ಇರುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸಂಪರ್ಕ ಕಟ್ ಆಗುತ್ತದೆ. ಆಮೇಲೆ ಎದುರಾಳಿ ತನ್ನ ಆಟಗಾರರ ಜಾಗ ಬದಲಿಸಿದರೆ ಅದನ್ನು ಗುರುತಿಸಿ, ಲಕ್ಷ ಜನ ಕಿರುಚುವ ಗದ್ದಲದಲ್ಲಿ ತನ್ನವರಿಗೆ ಕೈಸನ್ನೆಯಲ್ಲಿ ಹೇಳಬೇಕಾದವನು ಅವನೇ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇದು ಸಣ್ಣ ಕೆಲಸ ಅಲ್ಲ. ನಾನು ಈ ಆಟಕ್ಕೆ ಅಂಟಿಕೊಂಡಿದ್ದೇ ಆ 15 ಸೆಕೆಂಡ್‌ಗಾಗಿ.

ಸೀಸನ್ ಯಾವಾಗ ಶುರು? ಭಾರತದಲ್ಲಿ ಎಷ್ಟು ಗಂಟೆಗೆ ನೋಡಬಹುದು?

ಆಗಸ್ಟ್ ಕೊನೆಯ ವಾರ ಶುರು, ನವೆಂಬರ್ ಕೊನೆಗೆ ಲೀಗ್ ಹಂತ ಮುಗಿಯುತ್ತದೆ. ಸಾಮಾನ್ಯವಾಗಿ ಒಂದು ತಂಡಕ್ಕೆ 12 ಪಂದ್ಯ, ಬಹುತೇಕ ಶನಿವಾರಗಳಲ್ಲಿ. ಅಮೆರಿಕದ ಪೂರ್ವ ತೀರದ ಮಧ್ಯಾಹ್ನ 12ರ ಪಂದ್ಯ ನಮಗೆ ಶನಿವಾರ ರಾತ್ರಿ 9:30ಕ್ಕೆ. ಅಲ್ಲಿನ ಸಂಜೆ 7:30ರ ಪಂದ್ಯ ಇಲ್ಲಿ ಭಾನುವಾರ ಬೆಳಗ್ಗೆ 5ಕ್ಕೆ. ನವೆಂಬರ್ ಮೊದಲ ವಾರದಲ್ಲಿ ಅವರು ಗಡಿಯಾರ ಹಿಂದೆ ಹಾಕುತ್ತಾರೆ, ಆಮೇಲೆ ಎಲ್ಲವೂ ಇಲ್ಲಿ ಒಂದು ಗಂಟೆ ತಡ.

ಫ್ರೆಶ್‌ಮನ್, ರೆಡ್‌ಶರ್ಟ್ ಫ್ರೆಶ್‌ಮನ್: ಏನು ವ್ಯತ್ಯಾಸ?

ಫ್ರೆಶ್‌ಮನ್ ಅಂದರೆ ಹೈಸ್ಕೂಲ್ ಮುಗಿಸಿ ಅದೇ ವರ್ಷ ಬಂದವನು. ರೆಡ್‌ಶರ್ಟ್ ಅಂದರೆ ಒಂದು ವರ್ಷ ತಂಡದ ಜೊತೆ ಅಭ್ಯಾಸ ಮಾಡಿಯೂ ಆ ವರ್ಷವನ್ನು ಆಟದ ಲೆಕ್ಕಕ್ಕೆ ಸೇರಿಸದೆ ಉಳಿಸಿಕೊಂಡವನು. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದು ಅನ್ನುವ ಲೆಕ್ಕ ಇದು. 2018ರಿಂದ ನಾಲ್ಕು ಪಂದ್ಯದ ತನಕ ಆಡಿಯೂ ಆ ವರ್ಷವನ್ನು ಉಳಿಸಿಕೊಳ್ಳಬಹುದು. ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ಆಟಗಾರರು ಇದ್ದಕ್ಕಿದ್ದಂತೆ ಬೆಂಚ್‌ಗೆ ಸರಿಯುವುದಕ್ಕೆ ಇದೂ ಒಂದು ಕಾರಣ.

2025ರ ಮೊದಲ ಪಂದ್ಯದಲ್ಲಿ ಟೆಕ್ಸಸ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಆಡಿದ್ದು ಅಷ್ಟು ಕೆಟ್ಟದಾಗಿತ್ತಾ?

ಇಲ್ಲ. ಸಾಧಾರಣವಾಗಿತ್ತು ಅಷ್ಟೇ. ಆದರೆ ಸಾಧಾರಣ ಅನ್ನಿಸಿಕೊಳ್ಳುವ ಅವಕಾಶವನ್ನೂ ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ, ಮೂವರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು. ಟೆಕ್ಸಸ್ ತಂಡ ಸೀಸನ್ ಶುರುವಿಗೆ ಮೊದಲೇ ಎಪಿ ಪಟ್ಟಿಯಲ್ಲಿ (ಕ್ರೀಡಾ ವರದಿಗಾರರ ಮತದಿಂದ ತಂಡಗಳಿಗೆ ಸ್ಥಾನ ಕೊಡುವ ಪಟ್ಟಿ) ನಂಬರ್ 1 ಆಗಿತ್ತು. ಸೀಸನ್‌ಗೆ ಮುಂಚಿನ ಪಟ್ಟಿಯಲ್ಲಿ ಆ ಜಾಗ ಟೆಕ್ಸಸ್‌ಗೆ ಸಿಕ್ಕಿದ್ದು ಅದೇ ಮೊದಲು. ಆರ್ಚ್ 2024ರಲ್ಲಿ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಗಾಯಗೊಂಡಾಗ ಎರಡು ಪಂದ್ಯ ಶುರು ಮಾಡಿದ್ದ, ಅಷ್ಟೇ ಅನುಭವ. ಅಂಥವನನ್ನು ಆಗಸ್ಟ್ 30ರಂದು ನೇರವಾಗಿ ಕೊಲಂಬಸ್‌ಗೆ, ಹಿಂದಿನ ವರ್ಷದ ಚಾಂಪಿಯನ್ ಓಹಾಯೊ ಸ್ಟೇಟ್ ಮನೆಗೆ ಕಳಿಸಿದರು. ಹೊಸ ಬ್ಯಾಟ್ಸ್‌ಮನ್ ಒಬ್ಬನನ್ನು ಹಸಿರು ಪಿಚ್ ಮೇಲೆ ಹೊಸ ಚೆಂಡಿನ ಮುಂದೆ ನಿಲ್ಲಿಸಿದ ಹಾಗೆ.

ಟೆಕ್ಸಸ್ 14–7ರಲ್ಲಿ ಸೋತಿತು. ಆರ್ಚ್ 30 ಎಸೆತದಲ್ಲಿ 17 ತಲುಪಿಸಿದ, 170 ಯಾರ್ಡ್, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ಒಂದು ಇಂಟರ್‌ಸೆಪ್ಷನ್ (ಎಸೆದ ಚೆಂಡನ್ನು ಎದುರಾಳಿಯೇ ಹಿಡಿಯುವುದು). ಮೂರನೇ ಕ್ವಾರ್ಟರ್‌ನಲ್ಲಿ (ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದು) ಆ ಗೆರೆಗೆ ಒಂದೇ ಯಾರ್ಡ್ ದೂರದಲ್ಲಿ ನಾಲ್ಕನೇ ಡೌನ್. ತಾನೇ ತಲೆ ತಗ್ಗಿಸಿ ನುಗ್ಗಿದ, ತಡೆದರು. ಓಹಾಯೊ ಸ್ಟೇಟ್‌ನ ರಕ್ಷಣಾ ವಿಭಾಗಕ್ಕೆ ಆ ವರ್ಷ ಮ್ಯಾಟ್ ಪೆಟ್ರೀಷಿಯಾ ಬಂದಿದ್ದರು, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಪಳಗಿದವರು. ಅವರ ಹುಡುಗರು ಒಂದು ರೀತಿ ನಿಂತು, ಚೆಂಡು ಬಂದ ತಕ್ಷಣ ಬೇರೆ ರೀತಿ ಆಡುತ್ತಿದ್ದರು. ತಾನು ಓದಿಕೊಂಡದ್ದು ತಪ್ಪಾ ಸರಿಯಾ ಅನ್ನುವ ಅನುಮಾನದಲ್ಲಿ ಆರ್ಚ್‌ನ ಕೈ ತಡವಾಗುತ್ತಿತ್ತು. ಎಸೆತ ಹಲವು ಸಲ ಆಟಗಾರನ ಹಿಂದೆ ಬಿತ್ತು, ಇಲ್ಲವೇ ಕಾಲ ಬುಡಕ್ಕೆ.

ಆ ವಾರ ಅವನ ಬಗ್ಗೆ ಬಂದ ತೀರ್ಪುಗಳನ್ನು ಓದಿ ನನಗೆ ಬೇಜಾರಾಗಿತ್ತು. ನವೆಂಬರ್ 28ರಂದು ಅದೇ ಹುಡುಗನ ಟೆಕ್ಸಸ್, ಅಲ್ಲಿಯ ತನಕ ಒಂದೂ ಪಂದ್ಯ ಸೋಲದ ಟೆಕ್ಸಸ್ ಎ ಆಂಡ್ ಎಂ ತಂಡವನ್ನು 27–17ರಲ್ಲಿ ಸೋಲಿಸಿತು. ಆಗಸ್ಟ್‌ನಲ್ಲಿ ಬರೆದದ್ದನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಆವತ್ತು ಗೆದ್ದ ಓಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಜಾಸ್ತಿ ಚೆನ್ನಾಗಿ ಆಡಿದನಾ?

ಜಾಸ್ತಿ ಆಡಲಿಲ್ಲ, ಕಡಿಮೆ ಕೆಡಿಸಿದ. 20ರಲ್ಲಿ 13, 126 ಯಾರ್ಡ್. ಇಂಟರ್‌ಸೆಪ್ಷನ್ ಒಂದೂ ಇಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾರ್ನೆಲ್ ಟೇಟ್‌ಗೆ 40 ಯಾರ್ಡ್‌ನ ಒಂದು ಟಚ್‌ಡೌನ್. ಇವನು ರೆಡ್‌ಶರ್ಟ್ ಫ್ರೆಶ್‌ಮನ್. ಮೊದಲು ಸೇರಿದ್ದು ಅಲಬಾಮಾಗೆ. 2024ರ ಜನವರಿಯಲ್ಲಿ ಕೋಚ್ ನಿಕ್ ಸೇಬನ್ ನಿವೃತ್ತರಾದ ಮೇಲೆ ಓಹಾಯೊಗೆ ಬಂದ. ಒಂದು ವರ್ಷ ಹಿಂದೆ ಕೂತು ಕಲಿತ.

ಅವನ ಕೋಚ್‌ಗಳು ಆ ದಿನ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಹುಡುಗನ ಕೈಯಲ್ಲಿ ಪಂದ್ಯ ಗೆಲ್ಲಿಸುವ ಹೊರೆ ಇಡಲಿಲ್ಲ. ಓಡಿಸಿ, ಸಣ್ಣ ಎಸೆತ ಎಸೆಸಿ, ರಕ್ಷಣಾ ವಿಭಾಗದ ಮೇಲೆ ನಂಬಿಕೆ ಇಟ್ಟು, ಒಂದೇ ಒಂದು ಉದ್ದದ ಎಸೆತಕ್ಕೆ ಸರಿಯಾದ ಹೊತ್ತು ಕಾದರು. ಡಿಸೆಂಬರ್‌ನಲ್ಲಿ, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಅಂತಿಮ ನಾಲ್ವರಲ್ಲಿ ಸೇಯಿನ್ ಒಬ್ಬನಾಗಿದ್ದ.

ಮಿಶಿಗನ್‌ನ ಬ್ರೈಸ್ ಅಂಡರ್‌ವುಡ್ ಬಗ್ಗೆ ಹೇಳಿ.

2025ರಲ್ಲಿ ಹೈಸ್ಕೂಲ್‌ನಿಂದ ಬಂದವರಲ್ಲಿ ನಂಬರ್ 1 ಅನ್ನಿಸಿಕೊಂಡವನು. ಊರು ಮಿಶಿಗನ್‌ನ ಬೆಲ್‌ವಿಲ್. ಮೊದಲು ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಮಾತು ಕೊಟ್ಟಿದ್ದ. 2024ರ ನವೆಂಬರ್‌ನಲ್ಲಿ ಮನಸ್ಸು ಬದಲಿಸಿ ಮನೆ ಪಕ್ಕದ ಮಿಶಿಗನ್‌ಗೆ ಬಂದ. ಮೊದಲ ಪಂದ್ಯ ಸ್ವಂತ ಮೈದಾನದಲ್ಲಿ, ನ್ಯೂ ಮೆಕ್ಸಿಕೊ ವಿರುದ್ಧ: 251 ಯಾರ್ಡ್, 34–17 ಗೆಲುವು. ಒಂದು ವಾರ ಬಿಟ್ಟು ಓಕ್ಲಹೋಮಾಗೆ ಹೋದ: 24 ಎಸೆತದಲ್ಲಿ ಬರೀ 9 ತಲುಪಿದವು, 24–13 ಸೋಲು.

ಏಳು ದಿನದಲ್ಲಿ ಅವನ ಪ್ರತಿಭೆ ಕರಗಿಹೋಯಿತಾ? ಇಲ್ಲ ಅಲ್ವಾ. ಎದುರಿಗಿದ್ದ ತಂಡ ಬದಲಾಯಿತು, ಗದ್ದಲ ಬದಲಾಯಿತು, ಯೋಚಿಸಲು ಸಿಗುವ ಸಮಯ ಅರ್ಧ ಸೆಕೆಂಡ್ ಕಡಿಮೆಯಾಯಿತು. ಹೊಸ ಹುಡುಗನ ಮೊದಲ ಹೊರಊರಿನ ಪಂದ್ಯಕ್ಕೂ ಮನೆಯ ಪಂದ್ಯಕ್ಕೂ ಇರುವ ದೂರ ಯಾವತ್ತೂ ಇಷ್ಟೇ ದೊಡ್ಡದು.

ಹೊಸ ಕ್ವಾರ್ಟರ್‌ಬ್ಯಾಕ್ ಆಡುವಾಗ ಏನು ನೋಡಬೇಕು?

ಚೆಂಡನ್ನು ನೋಡಬೇಡಿ, ಅವನ ಕಾಲನ್ನು ನೋಡಿ. ಇದು ನನ್ನ ಮೊದಲ ಸಲಹೆ. ನೆಮ್ಮದಿಯಾಗಿರುವ ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದು, ಹಿಂಗಾಲು ಊರಿ, ಎಸೆಯುತ್ತಾನೆ. ಗಾಬರಿಯಾದವನ ಕಾಲು ಕುಣಿಯುತ್ತದೆ. ಯಾರೂ ಹತ್ತಿರ ಬರದಿದ್ದರೂ ಪಕ್ಕಕ್ಕೆ ಓಡುತ್ತಾನೆ, ಇಲ್ಲವೇ ಹಿಂಗಾಲ ಮೇಲೇ ವಾಲಿ ಎಸೆಯುತ್ತಾನೆ. ಅಂಥ ಎಸೆತ ಗಾಳಿಯಲ್ಲಿ ಮೇಲೆ ತೇಲಿ ಎದುರಾಳಿ ಕೈಗೆ ಬೀಳುತ್ತದೆ.

ಆಮೇಲೆ ಹೆಲ್ಮೆಟ್. ಮೊದಲು ಒಬ್ಬನ ಕಡೆ ನೋಡಿ, ಅವನು ಸಿಗದಿದ್ದರೆ ಎರಡನೆಯವನು, ಮೂರನೆಯವನು ಅಂತ ಮುಖ ತಿರುಗುತ್ತಿದೆಯಾ? ಒಬ್ಬನನ್ನೇ ದಿಟ್ಟಿಸಿಕೊಂಡು ನಿಂತರೆ ರಕ್ಷಣೆಯವರು ಆ ಕಣ್ಣನ್ನೇ ಹಿಂಬಾಲಿಸುತ್ತಾರೆ.

ಮೂರನೇ ಡೌನ್‌ಗೆ ಏಳೆಂಟು ಯಾರ್ಡ್ ಬೇಕಾದಾಗ ಟಿವಿಯಿಂದ ಕಣ್ಣು ತೆಗೆಯಬೇಡಿ. ಎಸೆಯಲೇಬೇಕು ಅಂತ ಇಡೀ ಮೈದಾನಕ್ಕೆ ಗೊತ್ತಿರುವ ಹೊತ್ತು ಅದು.

ಎಲ್ಲಕ್ಕಿಂತ ಮುಖ್ಯ, ತಪ್ಪು ಮಾಡಿದ ಮೇಲಿನ ಮುಂದಿನ ಡ್ರೈವ್, ಅಂದರೆ ಚೆಂಡು ಮತ್ತೆ ಸಿಕ್ಕಾಗ ತಂಡ ಆಡುವ ಸರದಿ. ಇದಕ್ಕೆ ಇಂಡಿಯಾನಾದ ಫರ್ನಾಂಡೊ ಮೆಂಡೋಜಾಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2025ರ ಅಕ್ಟೋಬರ್ 11, ಒರೆಗಾನ್ ಮೈದಾನ, ಕೊನೆಯ ಕ್ವಾರ್ಟರ್. ಇಂಡಿಯಾನಾ 20–13 ಮುಂದಿತ್ತು. ಮೆಂಡೋಜಾ ಎಸೆದ ಚೆಂಡನ್ನು ಎದುರಾಳಿ ಹಿಡಿದು ನೇರವಾಗಿ ಟಚ್‌ಡೌನ್‌ಗೆ ಓಡಿದ. 20–20. ಕ್ರೀಡಾಂಗಣ ಹುಚ್ಚೆದ್ದಿತು. ಮುಂದಿನ ಸಲ ಚೆಂಡು ಸಿಕ್ಕಾಗ ಮೆಂಡೋಜಾ 75 ಯಾರ್ಡ್ ತಂಡವನ್ನು ನಡೆಸಿಕೊಂಡು ಹೋಗಿ ಇಲೈಜಾ ಸರಾಟ್‌ಗೆ ಟಚ್‌ಡೌನ್ ಎಸೆದ. 30–20 ಗೆಲುವು. ಅವನು ಫ್ರೆಶ್‌ಮನ್ ಅಲ್ಲ ನಿಜ. ಕಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೆಟ್ಟು ತಿಂದು ತಿಂದು ಗಟ್ಟಿಯಾಗಿ ಬಂದವನು. ಆ ಗಟ್ಟಿತನ ಒಂದೇ ವಾರದಲ್ಲಿ ಬರುವುದಿಲ್ಲ.

ಅಂಕಿ ಅಂಶಗಳನ್ನು ಎಷ್ಟು ನಂಬಬಹುದು?

ಸೆಪ್ಟೆಂಬರ್‌ನಲ್ಲಿ ಸ್ವಲ್ಪ ಮಾತ್ರ. ದೊಡ್ಡ ತಂಡಗಳು ಮೊದಲ ಮೂರು ವಾರ ಹಣ ಕೊಟ್ಟು ಸಣ್ಣ ತಂಡಗಳನ್ನು ಮನೆಗೆ ಕರೆಸಿ ಆಡುತ್ತವೆ. 73–0 ಅಂಥ ಸ್ಕೋರ್‌ಗಳು ಬರುವುದು ಹಾಗೆ.

ಇನ್ನೊಂದು ಗಮನಿಸಿ. ಕಾಲೇಜ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದೆಯೇ ಕೆಡವಿದರೆ, ಅಂದರೆ ಸ್ಯಾಕ್ ಆದರೆ, ಕಳೆದುಕೊಂಡ ಯಾರ್ಡ್‌ಗಳನ್ನು ಅವನ ಓಟದ ಲೆಕ್ಕದಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ, ಅಲ್ಲಿ ತಂಡದ ಎಸೆತದ ಲೆಕ್ಕದಿಂದ ಕಳೆಯುತ್ತಾರೆ. ಹಾಗಾಗಿ ‘10 ಓಟ, 12 ಯಾರ್ಡ್’ ಅಂತ ಕಂಡರೆ ಹುಡುಗನಿಗೆ ಓಡಲು ಬರುವುದಿಲ್ಲ ಅಂದುಕೊಳ್ಳಬೇಡಿ. ಮೂರು ಸಲ ಚೆನ್ನಾಗಿ ಓಡಿ ಮೂರು ಸಲ ಹಿಂದೆ ಬಿದ್ದಿರಬಹುದು.

ಹೊಸಬನನ್ನು ಬೇಗ ಆಡಿಸುವುದು ಒಳ್ಳೆಯದಾ, ಕಾಯಿಸುವುದಾ?

ಒಂದೇ ಉತ್ತರ ಇಲ್ಲ, ಆದರೆ 2018ರ ಕ್ಲೆಮ್ಸನ್ ಕಥೆ ಎಲ್ಲರೂ ತಿಳಿದಿರಬೇಕಾದದ್ದು. ಕೆಲ್ಲಿ ಬ್ರಯಂಟ್ ಅನ್ನುವ ಅನುಭವಿ ನಾಲ್ಕು ಪಂದ್ಯ ಶುರು ಮಾಡಿ ನಾಲ್ಕನ್ನೂ ಗೆದ್ದಿದ್ದ. ಆದರೂ ಕೋಚ್ ಡಾಬೊ ಸ್ವಿನ್ನಿ, ಫ್ರೆಶ್‌ಮನ್ ಟ್ರೆವರ್ ಲಾರೆನ್ಸ್‌ಗೆ ಜಾಗ ಕೊಟ್ಟರು. ಬ್ರಯಂಟ್ ತಂಡ ಬಿಟ್ಟು ಮುಂದಿನ ವರ್ಷ ಮಿಸೌರಿಗೆ ಹೋದ. ಹೊಸ ನಾಲ್ಕು ಪಂದ್ಯದ ನಿಯಮ ಅವನ ವರ್ಷವನ್ನು ಉಳಿಸಿತು.

ಅದಾದ ಮೇಲಿನ ಮೊದಲ ಪಂದ್ಯ, ಸೆಪ್ಟೆಂಬರ್ 29, ಸಿರಾಕ್ಯೂಸ್ ವಿರುದ್ಧ. ಲಾರೆನ್ಸ್‌ಗೆ ಪೆಟ್ಟಾಗಿ ಹೊರಗೆ ಹೋದ. ಬ್ರಯಂಟ್ ಇಲ್ಲವೇ ಇಲ್ಲ. ಚೇಸ್ ಬ್ರೈಸ್ ಅಂತ, ಪಟ್ಟಿಯಲ್ಲಿ ಕೆಳಗಿದ್ದ ಹುಡುಗ ಬಂದು ಕೊನೆಯಲ್ಲಿ 94 ಯಾರ್ಡ್ ಡ್ರೈವ್ ನಡೆಸಿ 27–23ರಲ್ಲಿ ಗೆಲ್ಲಿಸಿದ. ಕ್ಲೆಮ್ಸನ್ ಆ ವರ್ಷ 15–0, ಅಂದರೆ 15 ಗೆಲುವು, ಒಂದೂ ಸೋಲಿಲ್ಲ. ಫೈನಲ್‌ನಲ್ಲಿ ಅಲಬಾಮಾವನ್ನು 44–16ರಲ್ಲಿ ಬಡಿಯಿತು. ಎಲ್ಲರೂ ಲಾರೆನ್ಸ್ ಹೆಸರು ಹೇಳುತ್ತಾರೆ. ನಾನು ಬ್ರೈಸ್ ಹೆಸರನ್ನೂ ಸೇರಿಸುತ್ತೇನೆ. ಅವನಿಲ್ಲದಿದ್ದರೆ 15–0 ಇಲ್ಲ.

ಕಾದು ಗೆದ್ದವರೂ ಇದ್ದಾರೆ. ಜೋ ಬರೋ ಓಹಾಯೊ ಸ್ಟೇಟ್‌ನಲ್ಲಿ ಬೆಂಚ್ ಮೇಲೆ ಕೂತು, 2018ರಲ್ಲಿ ಎಲ್‌ಎಸ್‌ಯುಗೆ ಹೋಗಿ, 2019ರಲ್ಲಿ 60 ಟಚ್‌ಡೌನ್ ಎಸೆದು ಚಾಂಪಿಯನ್ ಆದ.

ನನ್ನ ಅಭಿಪ್ರಾಯ ಕೇಳಿದರೆ, ವಯಸ್ಸನ್ನು ನೋಡಬಾರದು, ಅವನ ಮುಂದೆ ನಿಂತು ಅವನನ್ನು ಕಾಯುವ ಐದು ಜನರ ಲೈನ್ ನೋಡಬೇಕು. ಲೈನ್ ಗಟ್ಟಿಯಿದ್ದರೆ ಹದಿನೆಂಟರ ಹುಡುಗನೂ ಆಡಬಹುದು. ಲೈನ್ ಪೊಳ್ಳಾಗಿದ್ದರೆ ಇಪ್ಪತ್ತಮೂರರವನೂ ಕೆಡುತ್ತಾನೆ. ಒಮ್ಮೆ ಮೈಗೆ ಹೆದರಿಕೆ ಹತ್ತಿದರೆ ಬಿಡಿಸುವುದು ಕಷ್ಟ.

ತಂಡ ನಿಜವಾಗಿ ಮೇಲೇಳುತ್ತಿದೆ ಅಂತ ಹೇಗೆ ಗುರುತಿಸುವುದು?

ಒಂದು ದೊಡ್ಡ ಗೆಲುವಿನಿಂದ ಅಂತೂ ಅಲ್ಲ. 2022ರಲ್ಲಿ 1–11 ಇದ್ದ ಕೊಲೊರಾಡೊಗೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದರು. 2023ರ ಸೆಪ್ಟೆಂಬರ್ 2ರಂದು, ಹಿಂದಿನ ಸೀಸನ್‌ನ ಫೈನಲ್ ಆಡಿದ್ದ ಟಿಸಿಯುವನ್ನು ಅದರ ಮನೆಯಲ್ಲೇ 45–42ರಲ್ಲಿ ಸೋಲಿಸಿದರು. ಅವರ ಮಗ ಶೆಡೂರ್ 510 ಯಾರ್ಡ್ ಎಸೆದ. 3–0 ಆದಾಗ ದೇಶವೆಲ್ಲ ಅದೇ ಮಾತು. ನಾಲ್ಕನೇ ಪಂದ್ಯದಲ್ಲಿ ಒರೆಗಾನ್ 42–6ರಲ್ಲಿ ಹಿಂಡಿಹಾಕಿತು. ಸೀಸನ್ ಮುಗಿದಾಗ 4–8. ಎಸೆಯುವವನು, ಹಿಡಿಯುವವರು ಚೆನ್ನಾಗಿದ್ದರು. ಲೈನ್ ಇರಲಿಲ್ಲ. ಶೆಡೂರ್ ವಾರ ವಾರ ನೆಲ ಕಚ್ಚುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ಇದನ್ನು ಪತ್ತೆ ಹಚ್ಚಲು, ಮೂರನೇ ಡೌನ್‌ಗೆ ಒಂದೆರಡು ಯಾರ್ಡ್ ಬೇಕಾದಾಗ ತಂಡ ಏನು ಮಾಡುತ್ತದೆ ನೋಡಿ. ಸುಮ್ನೆ ನುಗ್ಗಿ ತೆಗೆದುಕೊಂಡರೆ ಆ ತಂಡಕ್ಕೆ ಬೆನ್ನೆಲುಬಿದೆ. ಪ್ರತಿ ಸಲವೂ ಚಮತ್ಕಾರ ಮಾಡಬೇಕಾಗಿ ಬಂದರೆ ಕಾದು ನೋಡಿ.

ಇಂಡಿಯಾನಾ ಅಷ್ಟು ಬೇಗ ಹೇಗೆ ಎದ್ದಿತು?

ಇದು ನನಗೆ ಎಷ್ಟು ಹೇಳಿದರೂ ಸಾಲದ ಕಥೆ. ಇಂಡಿಯಾನಾದಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಫುಟ್‌ಬಾಲ್‌ನಲ್ಲಿ ದೊಡ್ಡ ಹಂತದ ತಂಡಗಳ ಪೈಕಿ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡ ಅನ್ನುವ ಹೆಸರು ವರ್ಷಗಟ್ಟಲೆ ಅದರ ತಲೆ ಮೇಲಿತ್ತು. ಅದು ಆಡುವ ಬಿಗ್ ಟೆನ್ ಲೀಗ್‌ನ ಪ್ರಶಸ್ತಿಯಲ್ಲಿ ಆ ಹೊತ್ತಿಗೆ ಕೊನೆಯ ಸಲ ಪಾಲು ಸಿಕ್ಕಿದ್ದು 1967ರಲ್ಲಿ. 2023ರಲ್ಲಿ 3–9.

ಆ ವರ್ಷದ ಕೊನೆಗೆ ಕರ್ಟ್ ಸಿಗ್ನೆಟ್ಟಿ ಬಂದರು. ಅದಕ್ಕೆ ಮುಂಚೆ ಜೇಮ್ಸ್ ಮ್ಯಾಡಿಸನ್ ಅನ್ನುವ ಸಣ್ಣ ತಂಡದ ಕೋಚ್. ತಮ್ಮ ಬಗ್ಗೆ ಕೇಳಿದಾಗ ‘ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ’ ಅಂದರು. ಜಂಬ ಅನ್ನಿಸಬಹುದು, ಆದರೆ ಮನುಷ್ಯ ಮಾಡಿ ತೋರಿಸಿದರು. ಜೇಮ್ಸ್ ಮ್ಯಾಡಿಸನ್‌ನಿಂದ ತಮ್ಮ ಜೊತೆಗೇ ಆಟಗಾರರನ್ನು ಕರೆತಂದರು: ಇಲೈಜಾ ಸರಾಟ್, ಡಿಆಂಜೆಲೊ ಪಾಂಡ್ಸ್, ಏಡನ್ ಫಿಶರ್, ಮಿಕೇಲ್ ಕಮಾರಾ. ಹೈಸ್ಕೂಲ್‌ನಲ್ಲಿ ದೊಡ್ಡ ತಂಡಗಳ ಕಣ್ಣಿಗೆ ಬೀಳದ ಹುಡುಗರು. ಆದರೆ ಸಿಗ್ನೆಟ್ಟಿಯವರ ಪದ್ಧತಿ ಅವರಿಗೆ ಆಗಲೇ ಬಾಯಿಪಾಠ. ಬೇರೆಯವರು ಪ್ರತಿಭೆ ಹುಡುಕುತ್ತಿದ್ದಾಗ ಇವರು ಆಡಿ ಪಳಗಿದವರನ್ನು ಹುಡುಕಿದರು.

2024ರಲ್ಲಿ ಲೀಗ್ ಹಂತ 11–1. ಪ್ಲೇಆಫ್‌ನಲ್ಲಿ ನೋಟರ್ ಡೇಮ್ ಎದುರು ಸೋತರು. ಒಂದು ವರ್ಷದ ಅದೃಷ್ಟ ಅಂದವರು ಬಹಳ. 2025ರ ಮೊದಲ ಮೂರು ಪಂದ್ಯ ಸುಲಭದವು, ಅನುಮಾನ ಹೋಗಲಿಲ್ಲ. ಸೆಪ್ಟೆಂಬರ್ 20ರಂದು 9ನೇ ಸ್ಥಾನದಲ್ಲಿದ್ದ ಇಲಿನಾಯ್ ಬಂತು. ಸ್ಕೋರ್ 63–10. ಮೆಂಡೋಜಾ 23ರಲ್ಲಿ 21 ತಲುಪಿಸಿ ಐದು ಟಚ್‌ಡೌನ್ ಎಸೆದ. ಮುಂದಿನ ವಾರ ಅಯೋವಾದಲ್ಲಿ ಕಷ್ಟಪಟ್ಟು 20–15 ಗೆದ್ದರು. ನನಗೆ 63–10ಕ್ಕಿಂತ ಆ 20–15 ಜಾಸ್ತಿ ನಂಬಿಕೆ ಕೊಟ್ಟಿತು. ಏನೂ ಸರಿಹೋಗದ ದಿನವೂ ಗೆಲ್ಲುವುದನ್ನು ಅವರು ಕಲಿತಿದ್ದರು.

ಕೊನೆಗೆ 16–0. ಮೆಂಡೋಜಾಗೆ ಹೈಸ್ಮನ್. 2026ರ ಜನವರಿ 19ರಂದು ಮಯಾಮಿಯನ್ನು 27–21ರಲ್ಲಿ ಸೋಲಿಸಿ ರಾಷ್ಟ್ರ ಚಾಂಪಿಯನ್.

ಇದರಲ್ಲಿ ದುಡ್ಡಿನ ಪಾತ್ರ ಎಷ್ಟು?

ದೊಡ್ಡದೇ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಕ್ರೀಡೆ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ತಂಡ ಬದಲಿಸಲು ಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂತು, 2021ರಿಂದ ಮೊದಲ ಸಲ ತಂಡ ಬದಲಿಸಿದವರು ಒಂದು ವರ್ಷ ಕೂರಬೇಕಿಲ್ಲ. ಇಂಡಿಯಾನಾದಂಥ ತಂಡಕ್ಕೆ ಬಾಗಿಲು ತೆರೆದದ್ದು ಇದೇ. ಹಿಂದೆ ಬೆಂಚ್ ಮೇಲೆ ಕೂತು ಕಲಿಯುತ್ತಿದ್ದ ಹುಡುಗರು ಈಗ ಕಾಯದೆ ಹೊರಟುಬಿಡುವುದೂ ಇದರಿಂದಲೇ. ಆಟಗಾರರಿಗೆ ಹಣ ಸಿಗುವುದು ನ್ಯಾಯ. ಕಲಿಯುವ ಸಮಯ ಕಡಿಮೆಯಾಗುತ್ತಿರುವುದು ಮಾತ್ರ ನನಗೆ ನೋವಿನ ವಿಷಯ.

ಸೀಸನ್ ಶುರುವಿನಲ್ಲೇ ಸೋತರೆ ಕಥೆ ಮುಗಿಯಿತಾ?

ಈಗ ಪ್ಲೇಆಫ್‌ಗೆ 12 ತಂಡ, 2024ರಿಂದ. ಹಾಗಾಗಿ ಮುಗಿಯುವುದಿಲ್ಲ. ನೋಟರ್ ಡೇಮ್ 2024ರ ಸೆಪ್ಟೆಂಬರ್ 7ರಂದು ತನ್ನ ಮನೆಯಲ್ಲೇ ನಾರ್ದರ್ನ್ ಇಲಿನಾಯ್‌ಗೆ 16–14ರಲ್ಲಿ ಸೋತು, ಆಮೇಲೆ ಫೈನಲ್ ತನಕ ಹೋಯಿತು.

ಆದರೆ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅಲ್ಲ. ಅದೇ ನೋಟರ್ ಡೇಮ್ 2025ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಕಾರ್ ಜೊತೆ ಆಗಸ್ಟ್ 31ರಂದು ಮಯಾಮಿಗೆ 27–24, ನಂತರ ಟೆಕ್ಸಸ್ ಎ ಆಂಡ್ ಎಂಗೆ 41–40ರಲ್ಲಿ ಸೋತಿತು. ಎರಡು ಪಂದ್ಯ, ಒಟ್ಟು ನಾಲ್ಕು ಪಾಯಿಂಟ್ ಅಂತರ. ಆಮೇಲೆ ಸತತ ಹತ್ತು ಗೆದ್ದರೂ ಪ್ಲೇಆಫ್‌ಗೆ ಕರೆ ಬರಲಿಲ್ಲ. 10–2 ಇದ್ದ ಮಯಾಮಿ ಒಳಗೆ ಹೋಗಿ ಫೈನಲ್ ಆಡಿತು.

ನಮ್ಮ ಮಕ್ಕಳು ಅಲ್ಲಿ ಓದಲು ಹೋಗಿದ್ದಾರೆ. ಪಂದ್ಯಕ್ಕೆ ಹೋಗಬೇಕಾ?

ಖಂಡಿತ ಹೋಗಲಿ. ಆಸ್ಟಿನ್, ಆನ್ ಆರ್ಬರ್, ಬ್ಲೂಮಿಂಗ್ಟನ್‌ನಂಥ ಊರುಗಳಲ್ಲಿ ಶನಿವಾರ ಊರಿಗೆ ಊರೇ ಅಲ್ಲಿರುತ್ತದೆ. ಮಿಶಿಗನ್ ಕ್ರೀಡಾಂಗಣದಲ್ಲಿ 1,07,601 ಸೀಟು. ಮೊದಲ ಸಲಕ್ಕೆ ಸಣ್ಣ ತಂಡದ ಜೊತೆಗಿನ ಸೆಪ್ಟೆಂಬರ್ ಪಂದ್ಯ ಒಳ್ಳೆಯದು. ಟಿಕೆಟ್ ಅಗ್ಗ, ನಿಯಮ ಅರ್ಥ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಕೊನೆಯ ಕ್ವಾರ್ಟರ್ ತನಕ ಕೂತರೆ ಎರಡನೇ, ಮೂರನೇ ಕ್ವಾರ್ಟರ್‌ಬ್ಯಾಕ್‌ಗಳನ್ನೂ ನೋಡಬಹುದು. ಟೋಪಿ, ನೀರು ಮರೆಯಬಾರದು. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ ಮಧ್ಯಾಹ್ನದ ಬಿಸಿಲು ನಮ್ಮ ರಾಯಚೂರಿನ ಬೇಸಿಗೆಯಷ್ಟೇ ಸುಡುತ್ತದೆ.

ಹಾಗಾದರೆ ಒಬ್ಬ ಹೊಸ ಹುಡುಗನ ಬಗ್ಗೆ ಯಾವಾಗ ಅಭಿಪ್ರಾಯ ಹೇಳಬಹುದು?

ಮೂರು ವಿಷಯ ಆಗಲಿ. ಹೊರಊರಿನಲ್ಲಿ ಸ್ವಂತ ಲೀಗ್‌ನ ಒಂದು ಪಂದ್ಯ. ಹಿಂದೆ ಬಿದ್ದು ಆಡಬೇಕಾದ ಒಂದು ಕೊನೆಯ ಕ್ವಾರ್ಟರ್. ಅವನ ಆಟದ ವಿಡಿಯೋ ಪೂರ್ತಿ ನೋಡಿ ತಯಾರಾಗಿ ಬಂದ ಒಂದು ಎದುರಾಳಿ. ಸಾಮಾನ್ಯವಾಗಿ ಇವು ಮೂರೂ ಅಕ್ಟೋಬರ್ ಮಧ್ಯದ ಹೊತ್ತಿಗೆ ಆಗಿರುತ್ತವೆ. ಅಲ್ಲಿಯ ತನಕ ಮೊಬೈಲ್‌ನಲ್ಲಿ ಆ ಹುಡುಗನ ಹೆಸರಿಗೆ ಟ್ಯಾಗ್ ಮಾಡಿ ಬೈಯುವುದನ್ನಾದರೂ ಬಿಡಿ. ಅವರಲ್ಲಿ ಹಲವರು ಪಂದ್ಯ ಮುಗಿಸಿ ಹಾಸ್ಟೆಲ್‌ಗೆ ಹೋಗಿ, ಸೋಮವಾರ ಬೆಳಗ್ಗೆ ಎಲ್ಲರ ಹಾಗೆ ಕ್ಲಾಸಿಗೆ ಹೋಗುವವರು.